ಸೋರುವ ಬಾಯ್ಲರ್: ದುರಸ್ತಿಯೋ, ಬದಲಾವಣೆಯೋ?

ಬೆಳಿಗ್ಗೆ ನಾಲ್ಕೂವರೆಗೆ ಅಡುಗೆಮನೆಗೆ ಬಂದ ಭಟ್ಟರು "ಬಾಯ್ಲರ್ ಕೆಳಗೆ ನೀರು ನಿಂತಿದೆ ಮಾರಾಯ್ರೆ" ಎಂದರೆ ಮಾಲಕರಿಗೆ ಮೊದಲು ನೆನಪಾಗುವುದು ಇಡ್ಲಿ. ಆರು ಗಂಟೆಗೆ ಗಿರಾಕಿಗಳು ಬಾಗಿಲಲ್ಲಿರುತ್ತಾರೆ. ಆ ಗಡಿಬಿಡಿಯಲ್ಲಿ ಎಂ-ಸೀಲ್ ಮೆತ್ತಿ ಗ್ಯಾಸ್ ಹಚ್ಚಿದವರಲ್ಲಿ ನಾವೂ ಇದ್ದೇವೆ.

ಇಡ್ಲಿ ಸ್ಟೀಮರಿಗೆ ಹಬೆ ಕೊಡುವ ಬಾಯ್ಲರ್ ಸೋರಿದರೆ, ಎಷ್ಟು ಸೋರುತ್ತಿದೆ ಎನ್ನುವುದಕ್ಕಿಂತ ಎಲ್ಲಿ ಸೋರುತ್ತಿದೆ ಎಂದು ನೋಡಬೇಕು. ಅದಕ್ಕೂ ಮೊದಲು, ಅದು ನಿಜವಾಗಿ ಸೋರಿಕೆಯೇ? ಗ್ಯಾಸ್ ಉರಿಯುವಾಗ ನೀರಾವಿ ಹುಟ್ಟುತ್ತದೆ. ತಣ್ಣಗಿನ ತಗಡಿಗೆ ತಾಗಿ ಅದು ಹನಿಯಾಗುತ್ತದೆ, ಬಾಯ್ಲರ್ ಬಿಸಿಯಾದ ಮೇಲೆ ತಾನಾಗಿ ನಿಲ್ಲುತ್ತದೆ. ಸಂಶಯವಿದ್ದರೆ ರಾತ್ರಿ ಬಾಯ್ಲರ್ ಪೂರ್ತಿ ತಣಿದ ನಂತರ ನೀರು ತುಂಬಿಸಿ, ಹೊರಮೈ ಒರೆಸಿ, ಕೆಳಗೆ ಹಳೇ ಪೇಪರ್ ಹಾಸಿಡಿ. ಬೆಳಿಗ್ಗೆ ಒದ್ದೆಯಾದ ಜಾಗದ ಮೇಲ್ಗಡೆ ಹುಡುಕಿ. ಒತ್ತಡವಿದ್ದಾಗ ಮಾತ್ರ ಸೋರುವ ತೂತು ಇದರಲ್ಲಿ ಸಿಗದು; ಅದಕ್ಕೆ ಮೆಕ್ಯಾನಿಕ್ ತಣ್ಣೀರಿನ ಒತ್ತಡ ಪರೀಕ್ಷೆ ಮಾಡಬೇಕು.

ಗ್ಯಾಸ್ಕೆಟ್, ಗೇಜ್ ಗ್ಲಾಸಿನ ನಟ್ಟು, ಪೈಪಿನ ಜೋಡಣೆ ಇಲ್ಲೆಲ್ಲ ಸೋರಿದರೆ ಚಿಂತೆಯಿಲ್ಲ, ಅರ್ಧ ದಿನದ ಕೆಲಸ. ಸೇಫ್ಟಿ ವಾಲ್ವಿನಿಂದ ಹನಿಯುತ್ತಿದ್ದರೆ ವಾಲ್ವನ್ನೇ ಬದಲಿಸಿ. ಅದಕ್ಕೆ ಭಾರ ಕಟ್ಟುವುದು, ಬಾಯಿ ಮುಚ್ಚುವುದು ಬೇಡವೇ ಬೇಡ. ಒಂದು ಲೀಟರ್ ನೀರು ಹಬೆಯಾದರೆ ಸುಮಾರು 1,600 ಲೀಟರಿನಷ್ಟು ಜಾಗ ಬೇಡುತ್ತದೆ.

ಬೆಂಕಿ ತಾಗುವ ತಳದ ತಗಡಿನಲ್ಲೋ ಕೊಳವೆಯಲ್ಲೋ ತೂತು ಬಿದ್ದರೆ ಮಾತು ಬೇರೆ. ನಮ್ಮದು ಟ್ಯಾಂಕರ್ ನೀರು, ಗಡಸು. ತಳದಲ್ಲಿ ತೂತು ಕಂಡಾಗ ವೆಲ್ಡರ್ ಒಬ್ಬರು ತೇಪೆ ಹಾಕಿಕೊಟ್ಟರು. ಎರಡು ವಾರಕ್ಕೆ ತೇಪೆಯ ಪಕ್ಕದಲ್ಲೇ ಇನ್ನೊಂದು ತೂತು. ಬಿಚ್ಚಿ ನೋಡಿದರೆ ಒಳಗೆ ಸುಣ್ಣದ ಪದರ ಕೊಬ್ಬರಿ ಹೋಳಿನಷ್ಟು ದಪ್ಪ! ಈ ಪದರ ಶಾಖವನ್ನು ನೀರಿಗೆ ಬಿಡುವುದಿಲ್ಲ. ಗ್ಯಾಸ್ ಹೆಚ್ಚು ಸುಡುತ್ತದೆ, ತಗಡು ಮಿತಿಮೀರಿ ಕಾದು ಬಲ ಕಳೆದುಕೊಳ್ಳುತ್ತದೆ, ಪದರದಡಿ ತುಕ್ಕು ಬೇರೆ. ತೂತು ಒಂದೇ ಕಂಡರೂ ಸುತ್ತಲಿನ ತಗಡು ಸವೆದಿರಬಹುದು. ಅಲ್ಟ್ರಾಸಾನಿಕ್ ಮೀಟರಿನಿಂದ ದಪ್ಪ ಅಳೆಸಿ. ತೆಳುವಾಗಿದ್ದರೆ ತೇಪೆಗೆ ಹಣ ಸುರಿಯದೆ ಬದಲಿಸಿ.

ಸೋರಿಕೆ ಮುಚ್ಚುವ ಪುಡಿ, ದ್ರಾವಣಗಳನ್ನು ನೀರಿಗೆ ಹಾಕಲೇಬೇಡಿ. ನಮ್ಮಲ್ಲಿ ಹಬೆ ನೇರವಾಗಿ ಇಡ್ಲಿಗೆ ತಾಗುತ್ತದೆ. ಸೀಸವಿರುವ ಬೆಸುಗೆಯೂ ಇದೇ ಕಾರಣಕ್ಕೆ ವರ್ಜ್ಯ.

ಸೋರುವ ಬಾಯ್ಲರಿನಲ್ಲಿ ಇನ್ನೊಂದು ಅಪಾಯವಿದೆ. ಗೇಜ್ ಗ್ಲಾಸಿನಲ್ಲಿ ನೀರೇ ಕಾಣದಿದ್ದರೆ ಹುಡುಗರು ಗಾಬರಿಯಿಂದ ತಣ್ಣೀರು ಬಿಡುತ್ತಾರೆ. ಕೆಂಪಗೆ ಕಾದ ತಗಡಿಗೆ ನೀರು ಬಿದ್ದರೆ ಹಬೆ ಒಮ್ಮೆಲೇ ಎದ್ದು ಬಾಯ್ಲರ್ ಸಿಡಿಯಬಹುದು. ಮೊದಲು ಗ್ಯಾಸ್ ಬಂದ್ ಮಾಡಿ, ತಾನಾಗಿ ತಣಿಯಲು ಬಿಡಬೇಕು. ಇದನ್ನು ಅಡುಗೆಮನೆಯ ಪ್ರತಿಯೊಬ್ಬನಿಗೂ ಅವನ ಭಾಷೆಯಲ್ಲೇ ಹೇಳಿಕೊಡಿ.

ಕಾನೂನಿನ ಮಾತು. 1923ರ ಬಾಯ್ಲರ್ ಕಾಯ್ದೆಯ ಬದಲಿಗೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ. 25 ಲೀಟರಿಗಿಂತ ಕಡಿಮೆ ಹಿಡಿಯುವ, ಅಥವಾ ಒತ್ತಡ ಚದರ ಸೆಂಟಿಮೀಟರಿಗೆ 1 ಕಿಲೋಗಿಂತ ಕಡಿಮೆ ಇರುವ ಬಾಯ್ಲರುಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ನಿಮ್ಮದು ಬರುತ್ತದೋ ಎಂದು ಪ್ಲೇಟಿನಲ್ಲಿ ನೋಡಿ. ಬಂದರೆ ದುರಸ್ತಿಗೆ ಮುನ್ನ ಬಾಯ್ಲರ್ ಇನ್‌ಸ್ಪೆಕ್ಟರ್ ಕಚೇರಿಯ ಅನುಮತಿ ಬೇಕು, ದಾರಿಬದಿಯ ವೆಲ್ಡರ್ ಸಾಲದು.

ಹೊಸದು ಕೊಳ್ಳುವಾಗ ಒಳಗೆ ಕೈ ಹಾಕಿ ಸ್ವಚ್ಛ ಮಾಡಲು ಬಾಗಿಲಿದೆಯೇ ನೋಡಿ. ಬೋರ್ ಅಥವಾ ಟ್ಯಾಂಕರ್ ನೀರಾದರೆ ಜೊತೆಗೇ ಸಾಫ್ಟ್‌ನರ್ ಹಾಕಿಸಿ, ತಳದ ನಲ್ಲಿಯಿಂದ ದಿನಾ ಸ್ವಲ್ಪ ನೀರು ಹೊರಬಿಡಿ. ಹಳೇ ದೊಡ್ಡ ಇಡ್ಲಿ ಪಾತ್ರೆಯನ್ನು ಗುಜರಿಗೆ ಹಾಕಬೇಡಿ. ಹೊಸ ಬಾಯ್ಲರ್ ಬರುವ ತನಕ ನಾಲ್ಕು ದಿನ ನಾವು ಅದನ್ನೇ ಒಲೆಗೇರಿಸಿದೆವು. ಇಡ್ಲಿ ಅರ್ಧಕ್ಕಿಳಿಯಿತು, ದೋಸೆ ಚೆನ್ನಾಗಿ ಹೋಯಿತು.