ಬೆಳೆಗಾರನ ದರ ಕಟ್ಟಿದ ಅರ್ಥಶಾಸ್ತ್ರಜ್ಞ: ಐವರಿ ಕೋಸ್ಟಿನ ಅಲಸಾನ್ ವತಾರಾ

2024ರ ಬೇಸಿಗೆಯಲ್ಲಿ ಕೊಕ್ಕೊ ಧಾರಣೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದಾಗ, ಅಡಿಕೆ ತೋಟದ ನಡುವೆ ನಾಲ್ಕು ಕೊಕ್ಕೊ ಗಿಡ ಉಳಿಸಿಕೊಂಡಿದ್ದ ನಮ್ಮ ಸದಸ್ಯರು ಸಂತೋಷಪಟ್ಟರು. ಕಡಿದು ಹಾಕಿದವರು ತಲೆಯ ಮೇಲೆ ಕೈ ಹೊತ್ತರು. ಆಗ ಕಚೇರಿಗೆ ಬಂದ ಹಲವರು ಕೇಳಿದ ಪ್ರಶ್ನೆ ಒಂದೇ: "ಇದು ಯಾರು ಏರಿಸಿದ್ದು?" ಪಶ್ಚಿಮ ಆಫ್ರಿಕಾದಲ್ಲಿ ಬೆಳೆ ಹಾಳಾಗಿದೆ ಎಂದು ಉತ್ತರಿಸಿದೆ. ಮರುಪ್ರಶ್ನೆ ಸಹಜವಾಗಿಯೇ ಬಂತು: "ಹಾಗಾದರೆ ಅಲ್ಲಿಯ ಬೆಳೆಗಾರ ಈಗ ಸಾಹುಕಾರನಾಗಿರಬೇಕಲ್ಲ?" ಆಗಿರಲಿಲ್ಲ. ಏಕೆ ಆಗಿರಲಿಲ್ಲ ಎಂಬುದನ್ನು ತಿಳಿಯಬೇಕಾದರೆ ಒಬ್ಬ ವ್ಯಕ್ತಿಯ ಜೀವನವನ್ನು ನೋಡಬೇಕು. ಅವರೇ ಐವರಿ ಕೋಸ್ಟಿನ ಅಧ್ಯಕ್ಷ ಅಲಸಾನ್ ವತಾರಾ. ಪ್ರಪಂಚದ ಕೊಕ್ಕೊದಲ್ಲಿ ಸುಮಾರು ಶೇಕಡಾ 40 ಭಾಗ ಅವರ ದೇಶದ್ದು. ನಮ್ಮ ಹಿರಿಯ ಕಾಫಿ ಬೆಳೆಗಾರರಿಗೆ ಆ ದೇಶ ಬೇರೊಂದು ಕಾರಣಕ್ಕೂ ನೆನಪಿರಬಹುದು. ಎಪ್ಪತ್ತರ ಮತ್ತು ಎಂಬತ್ತರ ದಶಕಗಳಲ್ಲಿ ಬ್ರೆಜಿಲ್, ಕೊಲಂಬಿಯಾಗಳ ನಂತರ ಮೂರನೆಯ ದೊಡ್ಡ ಕಾಫಿ ದೇಶವೆಂದರೆ ಅದೇ. ವರ್ಷಕ್ಕೆ 3 ಲಕ್ಷ ಟನ್ನಿಗೂ ಮೀರಿ ರೋಬಸ್ಟಾ ಬೆಳೆದದ್ದುಂಟು.

ವತಾರಾ ಹುಟ್ಟಿದ್ದು 1942ರ ಜನವರಿ 1ರಂದು, ಆ ದೇಶದ ಹಳೆಯ ಕೊಕ್ಕೊ ಸೀಮೆಯಾದ ದಿಂಬೊಕ್ರೊ ಎಂಬ ಊರಿನಲ್ಲಿ. ಶಾಲೆಯ ಓದು ನೆರೆಯ ಅಪ್ಪರ್ ವೋಲ್ಟಾದಲ್ಲಿ. ಈಗ ಅದನ್ನು ಬುರ್ಕಿನಾ ಫಾಸೊ ಎನ್ನುತ್ತಾರೆ. ಈ ಒಂದು ಸಂಗತಿ ಮುಂದೆ ಮೂವತ್ತು ವರ್ಷ ಕಾಲ ಅವರ ಕಾಲಿಗೆ ಸುತ್ತಿಕೊಂಡಿತು. ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋದರು. ಫಿಲಡೆಲ್ಫಿಯಾದ ಡ್ರೆಕ್ಸೆಲ್ ಸಂಸ್ಥೆಯಲ್ಲಿ 1965ರಲ್ಲಿ ಪದವಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ 1972ರಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್. ಅದಕ್ಕೂ ಮೊದಲೇ, 1968ರಲ್ಲಿ, ಅಂತಾರಾಷ್ಟ್ರೀಯ ಹಣಕಾಸು ನಿಧಿಯನ್ನು ಸೇರಿದ್ದರು. 1973ರಲ್ಲಿ ಪಶ್ಚಿಮ ಆಫ್ರಿಕಾ ದೇಶಗಳ ಜಂಟಿ ಕೇಂದ್ರ ಬ್ಯಾಂಕಿಗೆ ಹೋದರು. ಅಲ್ಲಿ ಉಪಗವರ್ನರ್ ಆಗಿ, ಮತ್ತೆ ನಿಧಿಗೆ ಮರಳಿ 1984ರಿಂದ ಆಫ್ರಿಕಾ ವಿಭಾಗದ ನಿರ್ದೇಶಕರಾಗಿ, 1988ರ ಕೊನೆಯಲ್ಲಿ ಅದೇ ಬ್ಯಾಂಕಿನ ಗವರ್ನರ್ ಆದರು. ಒಟ್ಟಿನಲ್ಲಿ ನಲವತ್ತೆಂಟನೆಯ ವಯಸ್ಸಿನವರೆಗೆ ಲೆಕ್ಕದ ಪುಸ್ತಕದ ಮನುಷ್ಯ. ಮತ ಕೇಳಿದವರಲ್ಲ.

ಆಗಿನ ಐವರಿ ಕೋಸ್ಟಿನ ಅಧ್ಯಕ್ಷ ಫೆಲಿಕ್ಸ್ ಊಫ್ವೆ-ಬ್ವಾನಿ ಅವರ ವಿಷಯವನ್ನು ಸಹಕಾರ ಸಂಘದ ಸದಸ್ಯರಾದ ನಾವು ಸ್ವಲ್ಪ ತಿಳಿದಿರಬೇಕು. ಅವರು ವೃತ್ತಿಯಿಂದ ವೈದ್ಯರು, ಜೊತೆಗೆ ದೊಡ್ಡ ತೋಟಗಾರರು. ಫ್ರೆಂಚರ ಆಳ್ವಿಕೆಯಲ್ಲಿ ಬಿಳಿಯ ತೋಟಗಾರರಿಗೆ ಬಿಟ್ಟಿ ಆಳುಗಳನ್ನು ಸರ್ಕಾರವೇ ಹಿಡಿದು ಕೊಡುತ್ತಿತ್ತು. ಇದರ ವಿರುದ್ಧ 1944ರಲ್ಲಿ ಆಫ್ರಿಕನ್ ತೋಟಗಾರರ ಸಂಘ ಕಟ್ಟಿದವರು ಇವರು. 1946ರಲ್ಲಿ ಬಿಟ್ಟಿ ದುಡಿಮೆಯನ್ನು ರದ್ದುಮಾಡಿದ ಫ್ರೆಂಚ್ ಕಾನೂನಿಗೆ ಇವರದೇ ಹೆಸರು. ಅಂದರೆ ಆ ದೇಶದ ರಾಜಕೀಯ ಹುಟ್ಟಿದ್ದೇ ಬೆಳೆಗಾರರ ಸಂಘದಲ್ಲಿ. 1960ರಲ್ಲಿ ಸ್ವಾತಂತ್ರ್ಯ ಬಂದಾಗ ಅವರೇ ಅಧ್ಯಕ್ಷರಾದರು; ಸಾಯುವವರೆಗೂ ಅವರೇ.

ಅವರ ಕಾಲದಲ್ಲಿ ಕಾಫಿ ಮತ್ತು ಕೊಕ್ಕೊದ ದರ ಕಟ್ಟುತ್ತಿದ್ದುದು ದರ ಸ್ಥಿರೀಕರಣ ನಿಧಿ. ಜನರ ಬಾಯಲ್ಲಿ 'ಕೆಸ್ತಾಬ್'. ಇದನ್ನು ನಮ್ಮ ಹಳೆಯ ಕಾಫಿ ಬೋರ್ಡಿನ ಪೂಲ್ ಪದ್ಧತಿಯಂತೆ ಎಂದು ತಿಳಿಯಬಾರದು. ಕಾಫಿ ಬೋರ್ಡು ನಮ್ಮ ಮಾಲನ್ನು ತಾನೇ ತೆಗೆದುಕೊಂಡು ಮಾರಿ, ಬಂದದ್ದನ್ನು ಪಾಯಿಂಟಿಗೆ ಇಷ್ಟು ಎಂದು ಕಂತುಕಂತಾಗಿ ಹಂಚುತ್ತಿತ್ತು. ಕೆಸ್ತಾಬ್ ಒಂದು ಮೂಟೆಯನ್ನೂ ಮುಟ್ಟುತ್ತಿರಲಿಲ್ಲ. ಖರೀದಿ ವ್ಯಾಪಾರಿಯದೇ, ರಫ್ತು ವ್ಯಾಪಾರಿಯದೇ. ಹಂಗಾಮಿನ ಮೊದಲೇ ಬೆಳೆಗಾರನಿಗೆ ಕಿಲೋಗೆ ಇಷ್ಟು ಎಂದು ಸಾರಿ, ಹೊರಗಿನ ಪೇಟೆಯ ದರ ಅದಕ್ಕಿಂತ ಮೇಲಿದ್ದರೆ ವ್ಯತ್ಯಾಸವನ್ನು ನಿಧಿ ತಾನು ತೆಗೆದುಕೊಳ್ಳುವುದು, ಕೆಳಗಿದ್ದರೆ ತಾನು ತುಂಬಿಕೊಡುವುದು. ತತ್ವ ಒಳ್ಳೆಯದೇ. ಆದರೆ ಏರಿದ ವರ್ಷಗಳ ಹಣ ರಸ್ತೆಗೆ, ಕಟ್ಟಡಕ್ಕೆ, ಇನ್ನೆಲ್ಲಿಗೋ ಹೋಯಿತು. ಇಳಿದ ವರ್ಷಗಳು ಬಂದಾಗ ಪೆಟ್ಟಿಗೆಯಲ್ಲಿ ಕಾಸಿರಲಿಲ್ಲ. 1987ರಿಂದ 89ರ ನಡುವೆ ಮುದುಕ ಅಧ್ಯಕ್ಷರು ಕೊಕ್ಕೊವನ್ನು ಮಾರದೆ ತಡೆಹಿಡಿದು ಲಂಡನ್ ಪೇಟೆಯನ್ನು ಬಗ್ಗಿಸಲು ನೋಡಿದರು. ಪೇಟೆ ಬಗ್ಗಲಿಲ್ಲ. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿಯೂ ಮುರಿದು ಬಿತ್ತು. ಆ ವರ್ಷವೇ ಬೆಳೆಗಾರನ ಕೊಕ್ಕೊ ದರವನ್ನು ಕಿಲೋಗೆ 400 ಫ್ರಾಂಕಿನಿಂದ 200ಕ್ಕೆ, ಕಾಫಿಯನ್ನು 200ರಿಂದ 100ಕ್ಕೆ ಇಳಿಸಲಾಯಿತು. ಸರಿಯಾಗಿ ಅರ್ಧ! ಅದೇ ಹೊತ್ತಿಗೆ ಅಧ್ಯಕ್ಷರ ಹುಟ್ಟೂರಾದ ಯಾಮುಸುಕ್ರೊದಲ್ಲಿ ಜಗತ್ತಿನ ಅತಿ ದೊಡ್ಡ ಚರ್ಚುಗಳಲ್ಲೊಂದು ಪೂರ್ತಿಯಾಗಿ, 1990ರಲ್ಲಿ ಪೋಪರಿಂದ ಪ್ರತಿಷ್ಠೆಯಾಯಿತು. ಖರ್ಚೆಲ್ಲ ತಮ್ಮ ಸ್ವಂತದ್ದು ಎಂದು ಅವರು ಹೇಳುತ್ತಿದ್ದರು.

ಇಂಥ ಸಂದರ್ಭದಲ್ಲಿ, 1990ರ ಏಪ್ರಿಲಿನಲ್ಲಿ, ಬ್ಯಾಂಕಿನ ಗವರ್ನರ್ ವತಾರಾ ಅವರನ್ನು ಕರೆಸಿ ದಿವಾಳಿಯೆದ್ದ ಖಜಾನೆಯನ್ನು ವಹಿಸಲಾಯಿತು. ನವೆಂಬರಿನಲ್ಲಿ ಅವರು ಪ್ರಧಾನಿಯಾದರು. ತೆರಿಗೆ ವಸೂಲಿ ಬಿಗಿಯಾಯಿತು, ಖರ್ಚು ಕಡಿತವಾಯಿತು, ವಿದ್ಯುತ್ ಕಂಪನಿ ಖಾಸಗಿಯವರ ಕೈಗೆ ಹೋಯಿತು. ಬೆಳೆಗಾರನಿಗೆ ಮಾತ್ರ ಹಳೆಯ ದರ ಮರಳಲಿಲ್ಲ. ಆ ಕಾಲದ ಎರಡು ಕೆಲಸಗಳನ್ನು ನೆನಪಿಡಬೇಕು. ಒಂದು, ವಿದೇಶೀಯರು ಹಣ ಕೊಟ್ಟು ವಾಸದ ಕಾರ್ಡು ಮಾಡಿಸಬೇಕೆಂಬ ನಿಯಮ. ಇನ್ನೊಂದು, 1992ರ ವಿದ್ಯಾರ್ಥಿ ಚಳವಳಿಯ ನಂತರ ವಿರೋಧ ಪಕ್ಷದ ನಾಯಕ ಲೋರಾಂ ಗ್ಬಾಗ್ಬೊ ಅವರನ್ನು ಜೈಲಿಗೆ ಹಾಕಿದ್ದು. ಎರಡೂ ಬಡ್ಡಿ ಸಹಿತ ತಿರುಗಿ ಬಂದವು.

1993ರ ಡಿಸೆಂಬರ್ 7ರಂದು ಮುದುಕ ಅಧ್ಯಕ್ಷರು ತೀರಿಕೊಂಡರು. ಗಾದಿ ಶಾಸನಸಭೆಯ ಅಧ್ಯಕ್ಷ ಆಂರಿ ಕೊನಾಂ ಬೇದಿಯೆ ಅವರಿಗೆ ಹೋಯಿತು. ವತಾರಾ ರಾಜೀನಾಮೆ ಕೊಟ್ಟು ವಾಷಿಂಗ್ಟನ್ನಿಗೆ ಹೋಗಿ ಹಣಕಾಸು ನಿಧಿಯ ಉಪ ವ್ಯವಸ್ಥಾಪಕ ನಿರ್ದೇಶಕರಾದರು. 1994ರ ಜನವರಿಯಲ್ಲಿ ಅವರ ನಾಣ್ಯದ ಬೆಲೆ ಅರ್ಧಕ್ಕೆ ಇಳಿಯಿತು. ಫ್ರೆಂಚ್ ಫ್ರಾಂಕಿಗೆ 50 ಇದ್ದದ್ದು 100 ಆಯಿತು. ಅದೇ ವರ್ಷ ಬ್ರೆಜಿಲಿನಲ್ಲಿ ಮಂಜು ಬಿದ್ದು ಕಾಫಿ ಧಾರಣೆ ಏರಿದ್ದು ನಮ್ಮಲ್ಲಿ ಯಾರಿಗೂ ಮರೆತಿಲ್ಲ.

ಇಲ್ಲಿಂದ ಮುಂದಿನದು ರಾಜಕೀಯ, ಆದರೆ ಬೇರು ತೋಟದಲ್ಲಿಯೇ ಇದೆ. ಐವರಿ ಕೋಸ್ಟಿನ ತೋಟಗಳನ್ನು ಎಬ್ಬಿಸಿದವರಲ್ಲಿ ಬುರ್ಕಿನಾ, ಮಾಲಿ ದೇಶಗಳಿಂದ ಬಂದ ಲಕ್ಷಾಂತರ ಕೂಲಿಗಳಿದ್ದಾರೆ. ಭೂಮಿ ಯಾರು ಸಾಗುವಳಿ ಮಾಡುತ್ತಾರೋ ಅವರದು ಎಂದು ಊಫ್ವೆ-ಬ್ವಾನಿ ಸಾರಿದ್ದರು. ನಮ್ಮ 'ಉಳುವವನೇ ಹೊಲದೊಡೆಯ'ನಂತೆಯೇ. ಕಾಡು ಇರುವಷ್ಟು ದಿನ ಇದು ನಡೆಯಿತು. ಕಾಡು ಮುಗಿದು ಧಾರಣೆ ಬಿದ್ದಾಗ, ಪಟ್ಟಣದಲ್ಲಿ ಕೆಲಸ ಸಿಕ್ಕದ ಊರ ಹುಡುಗರು ಹಿಂದಿರುಗಿ "ಈ ತೋಟ ನಮ್ಮಜ್ಜನದು" ಎಂದರು. ಬೇದಿಯೆ ಸರ್ಕಾರ ಇದಕ್ಕೆ 'ಐವರಿತನ' ಎಂಬ ಹೆಸರಿಟ್ಟಿತು. 1998ರ ಭೂ ಕಾನೂನು ಹಳ್ಳಿಯ ಜಮೀನಿನ ಒಡೆತನವನ್ನು ದೇಶದ ನಾಗರಿಕರಿಗೆ ಮಾತ್ರ ಎಂದಿತು. ಅಧ್ಯಕ್ಷ ಸ್ಥಾನಕ್ಕೂ ಅದೇ ಅಳತೆ. ತಂದೆತಾಯಿ ಇಬ್ಬರೂ ಹುಟ್ಟಿನಿಂದ ಐವರಿಯರಿರಬೇಕು, ಐದು ವರ್ಷ ದೇಶದಲ್ಲೇ ವಾಸವಿರಬೇಕು ಎಂಬ ನಿಯಮದಿಂದ 1995ರಲ್ಲಿ ವತಾರಾ ಹೊರಗುಳಿದರು. ಅಪ್ಪರ್ ವೋಲ್ಟಾದಲ್ಲಿ ಓದಿದವನು, ಆ ದೇಶದ ಕಾಗದಪತ್ರದ ಮೇಲೆ ಅಮೆರಿಕಕ್ಕೆ ಹೋದವನು ಎಂಬುದು ವಿರೋಧಿಗಳ ವಾದ. 2000ದ ಸಂವಿಧಾನದ ಕರಡಿನಲ್ಲಿ ತಂದೆ 'ಅಥವಾ' ತಾಯಿ ಎಂದಿದ್ದದ್ದು ತಂದೆ 'ಮತ್ತು' ತಾಯಿ ಎಂದಾಯಿತು. ಆ ಒಂದು ಪದಕ್ಕಾಗಿ ಮತ್ತೊಮ್ಮೆ ಹೊರಗುಳಿದರು. ವಿದೇಶೀಯರಿಗೆ ಕಾರ್ಡು ಕಡ್ಡಾಯ ಮಾಡಿದ ಸರ್ಕಾರದ ಪ್ರಧಾನಿಯೇ ಈಗ ತಾನು ವಿದೇಶೀಯನಲ್ಲವೆಂದು ಕಾಗದ ತೋರಿಸುತ್ತ ಓಡಾಡಬೇಕಾಯಿತು.

1999ರ ಡಿಸೆಂಬರಿನಲ್ಲಿ ಸೈನಿಕ ಕ್ರಾಂತಿ, 2000ದಲ್ಲಿ ಗ್ಬಾಗ್ಬೊ ಅಧ್ಯಕ್ಷರು, 2002ರ ಸೆಪ್ಟೆಂಬರಿನಲ್ಲಿ ದಂಗೆ. ಉತ್ತರ ಬೇರೆ, ದಕ್ಷಿಣ ಬೇರೆ ಎಂದು ದೇಶ ಎರಡಾಯಿತು. ಅಂತೂ 2010ರ ನವೆಂಬರ್ 28ರ ಕೊನೆಯ ಸುತ್ತಿನಲ್ಲಿ ವತಾರಾ ಶೇಕಡಾ 54ರಷ್ಟು ಮತ ಪಡೆದರೆಂದು ಚುನಾವಣಾ ಆಯೋಗ ಹೇಳಿತು, ವಿಶ್ವಸಂಸ್ಥೆ ಒಪ್ಪಿತು. ಗ್ಬಾಗ್ಬೊ ಒಪ್ಪಲಿಲ್ಲ. ಆಗ ಅಬಿಜಾನಿನ ಹೋಟೆಲೊಂದರಲ್ಲಿ ವಿಶ್ವಸಂಸ್ಥೆಯ ಕಾವಲಿನಲ್ಲಿ ಕುಳಿತಿದ್ದ ವತಾರಾ ತಮಗೆ ಗೊತ್ತಿದ್ದ ಅಸ್ತ್ರವನ್ನೇ ಹಿಡಿದರು: 2011ರ ಜನವರಿಯಲ್ಲಿ ಕಾಫಿ, ಕೊಕ್ಕೊ ರಫ್ತು ನಿಲ್ಲಿಸಲು ಕರೆ ಕೊಟ್ಟರು. ಗ್ಬಾಗ್ಬೊ ಅವರ ಖಜಾನೆಗೆ ಸುಂಕ ಹೋಗಬಾರದೆಂಬುದು ಉದ್ದೇಶ. ಹೊರಗಿನ ಪೇಟೆಯಲ್ಲಿ ಕೊಕ್ಕೊ 32 ವರ್ಷಗಳಲ್ಲೇ ಅತಿ ಹೆಚ್ಚಿನ ದರ ಕಂಡಿತು. ಬಂದರಿನಲ್ಲಿ ಲಕ್ಷಗಟ್ಟಲೆ ಟನ್ ಬಿದ್ದಿತ್ತು, ಒಳನಾಡಿನ ಬೆಳೆಗಾರನ ಮನೆಯಲ್ಲಿ ಕೊಳ್ಳುವವರಿಲ್ಲದ ಬೀಜ. ಕೊನೆಗೆ ನಿರ್ಣಯವಾದದ್ದು ಬಂದೂಕಿನಿಂದ. ಏಪ್ರಿಲ್ 11ರಂದು ಗ್ಬಾಗ್ಬೊ ಸೆರೆಯಾಗುವ ಹೊತ್ತಿಗೆ ಸುಮಾರು 3,000 ಜನ ಸತ್ತಿದ್ದರು. ಪಶ್ಚಿಮದ ಕೊಕ್ಕೊ ಸೀಮೆಯ ದುಯೆಕುಯೆ ಪಟ್ಟಣದಲ್ಲಿ ಕೊಲೆ ನಡೆಸಿದವರಲ್ಲಿ ವತಾರಾ ಪರ ಹೋರಾಡಿದ ಪಡೆಗಳೂ ಇದ್ದವು. ಹೇಗ್ ನಗರದ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ ಗ್ಬಾಗ್ಬೊ ಅವರನ್ನು ವಿಚಾರಿಸಿ 2019ರಲ್ಲಿ ಬಿಡುಗಡೆ ಮಾಡಿತು. ಗೆದ್ದ ಪಕ್ಷದ ಯಾರನ್ನೂ ಅಲ್ಲಿ ಕಟಕಟೆಗೆ ಹತ್ತಿಸಲಿಲ್ಲ. ವತಾರಾ ಅವರ ಸಾಧನೆಯನ್ನು ಹೇಳುವಾಗ ಇದನ್ನು ಮರೆಮಾಚುವುದು ಸರಿಯಲ್ಲ.

ಈಗ ದರದ ವಿಚಾರಕ್ಕೆ ಬರೋಣ. ಹಳೆಯ ಕೆಸ್ತಾಬನ್ನು 1999ರಲ್ಲಿ ಮುಚ್ಚಿದ್ದರು; ನಮ್ಮಲ್ಲಿ ಪೂಲ್ ಪೂರ್ತಿ ನಿಂತದ್ದು 1996ರಲ್ಲಿ. ಅಲ್ಲಿ ಅನಂತರ ಬೆಳೆಗಾರರ ಹೆಸರಿನಲ್ಲಿ ಹುಟ್ಟಿದ ಸಂಸ್ಥೆಗಳು ಕಿಲೋಗೆ ಇಷ್ಟೆಂದು ಸೆಸ್ ಎತ್ತಿದವು. 2008ರಲ್ಲಿ ಅವುಗಳ ಮುಖ್ಯಸ್ಥರನೇಕರು ಹಣ ನುಂಗಿದ ಆರೋಪದ ಮೇಲೆ ಜೈಲು ಸೇರಿದರು. ವತಾರಾ ಬಂದು 2012ರಿಂದ ಕಾಫಿ-ಕೊಕ್ಕೊ ಮಂಡಳಿಯನ್ನು ನಡೆಸತೊಡಗಿದರು. ಕ್ರಮ ಹೀಗೆ: ಮುಂದಿನ ಹಂಗಾಮಿನ ಬೆಳೆಯ ಬಹುಭಾಗವನ್ನು ಮಂಡಳಿ ಮುಂಗಡವಾಗಿಯೇ ಹರಾಜಿನಲ್ಲಿ ರಫ್ತುದಾರರಿಗೆ ಮಾರುತ್ತದೆ. ಬಂದ ಸರಾಸರಿ ಬೆಲೆಯಲ್ಲಿ ಕನಿಷ್ಠ ಶೇಕಡಾ 60 ಬೆಳೆಗಾರನಿಗೆ. ಆ ದರವನ್ನು ಅಕ್ಟೋಬರಿನಲ್ಲಿ ಮುಖ್ಯ ಬೆಳೆಗೆ, ಏಪ್ರಿಲಿನಲ್ಲಿ ಮಧ್ಯಂತರ ಬೆಳೆಗೆ ಸಾರಲಾಗುತ್ತಿತ್ತು. ಮೊದಲ ವರ್ಷ ಒಣ ಕೊಕ್ಕೊಗೆ ಕಿಲೋಗೆ 725 ಫ್ರಾಂಕ್. 2016ರ ಅಕ್ಟೋಬರಿನಲ್ಲಿ 1,100. ತೋಟಕ್ಕೆ ಗೊಬ್ಬರ ಹಾಕುವ ಮೊದಲೇ ಎಷ್ಟು ಸಿಗುತ್ತದೆಂದು ತಿಳಿಯುವುದು ಸಣ್ಣ ಬೆಳೆಗಾರನಿಗೆ ದೊಡ್ಡ ಧೈರ್ಯ. ಇದನ್ನು ನಾನು ಒಪ್ಪುತ್ತೇನೆ.

ಆದರೆ ಮುಂಗಡ ಮಾರಾಟಕ್ಕೆ ಎರಡು ಅಲಗು. ಧಾರಣೆ ಏರುತ್ತದೆಂದು ಹರಾಜಿನಲ್ಲಿ ಕೊಂಡಿದ್ದ ಕೆಲವು ರಫ್ತುದಾರರು, 2016-17ರಲ್ಲಿ ಧಾರಣೆ ಕುಸಿದಾಗ ಕರಾರು ಬಿಟ್ಟು ಕೈಚೆಲ್ಲಿದರು. 2017ರ ಏಪ್ರಿಲಿನಲ್ಲಿ 1,100 ಇದ್ದದ್ದು ಒಮ್ಮೆಗೇ 700 ಆಯಿತು. 2024ರಲ್ಲಿ ಆದದ್ದು ಇದರ ವಿರುದ್ಧ. ಮಾರ್ಚಿನಲ್ಲಿ ವಿಶ್ವ ಪೇಟೆ ಟನ್ನಿಗೆ 10,000 ಡಾಲರ್ ದಾಟಿತು, ಅಂದರೆ ಕಿಲೋಗೆ 800 ರೂಪಾಯಿಗೂ ಮೇಲೆ. ಅಲ್ಲಿಯ ಬೆಳೆಗಾರನಿಗೆ ಸಿಗುತ್ತಿದ್ದುದು 1,000 ಫ್ರಾಂಕ್. ಏಪ್ರಿಲಿನಿಂದ 1,500, ನಮ್ಮ ಲೆಕ್ಕದಲ್ಲಿ 200 ರೂಪಾಯಿ ಆಸುಪಾಸು. ಉಳಿದದ್ದನ್ನು ಯಾರೋ ಕದ್ದರೆಂದಲ್ಲ. ಆ ಬೆಳೆಯ ಬಹುಭಾಗ ಹಿಂದಿನ ವರ್ಷವೇ ಅಗ್ಗದ ದರಕ್ಕೆ ಮಾರಾಟವಾಗಿಹೋಗಿತ್ತು. ಬೆಳೆಯೂ ಕಡಿಮೆ, ದರವೂ ಕಡಿಮೆ. ಗಡಿಯಾಚೆಯ ಗಿನಿ, ಲೈಬೀರಿಯಾಗಳಿಗೆ ಮೂಟೆಗಳು ರಾತ್ರಿ ಹೊತ್ತಿನಲ್ಲಿ ನಡೆದುಹೋದದ್ದರಲ್ಲಿ ಆಶ್ಚರ್ಯವಿಲ್ಲ. ಕಚೇರಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇದು. ಆ ಬೇಸಿಗೆಯಲ್ಲಿ ಪೇಟೆಯ ದರಕ್ಕೇ ಮಾರಿದ ನಮ್ಮ ನಾಲ್ಕು ಗಿಡದ ಸದಸ್ಯರು ಅಲ್ಲಿಯ ಹತ್ತೆಕರೆಯವನಿಗಿಂತ ಕಿಲೋ ಲೆಕ್ಕದಲ್ಲಿ ಎಷ್ಟೋ ಮೇಲಿದ್ದರು. ಪೇಟೆ ಇಳಿದಾಗ ಹೊಡೆತವನ್ನೂ ಅವರೇ ತಿನ್ನಬೇಕು, ಅದು ಬೇರೆ ಮಾತು.

ಇನ್ನೊಂದು ವಿಷಯ. ದರ ಸಾರುತ್ತಿದ್ದ ಅಕ್ಟೋಬರ್ ತಿಂಗಳೇ ಅಲ್ಲಿ ಅಧ್ಯಕ್ಷ ಚುನಾವಣೆಯ ತಿಂಗಳು. 2020ರ ಅಕ್ಟೋಬರ್ 1ರಂದು ವತಾರಾ ತಾವೇ ನಿಂತು 825 ಇದ್ದ ದರವನ್ನು 1,000 ಎಂದು ಸಾರಿದರು. ಆ ವರ್ಷ ತಾವು ನಿಲ್ಲುವುದಿಲ್ಲವೆಂದು ಮಾರ್ಚಿನಲ್ಲಿ ಹೇಳಿದ್ದರು. ಉತ್ತರಾಧಿಕಾರಿ ಎಂದು ಆರಿಸಿದ್ದ ಪ್ರಧಾನಿ ಜುಲೈನಲ್ಲಿ ತೀರಿಕೊಂಡ ಮೇಲೆ ಮನಸ್ಸು ಬದಲಿಸಿದರು. ಎರಡೇ ಅವಧಿ ಎಂಬ ನಿಯಮಕ್ಕೆ, 2016ರ ಹೊಸ ಸಂವಿಧಾನದಿಂದ ಲೆಕ್ಕ ಮತ್ತೆ ಸೊನ್ನೆಯಿಂದ ಶುರು ಎಂಬ ಸಮಾಧಾನ. ವಿರೋಧಿಗಳು ಬಹಿಷ್ಕರಿಸಿದರು, ಗಲಭೆಯಲ್ಲಿ ಹತ್ತಾರು ಜನ ಸತ್ತರು, ಶೇಕಡಾ 94 ಮತ ಬಂತು. ಮುಂದಿನ ಏಪ್ರಿಲಿನಲ್ಲಿ ದರ 750ಕ್ಕೆ ಇಳಿಯಿತು. 2025ರ ಅಕ್ಟೋಬರಿನಲ್ಲಿ ಮತ್ತೆ ಹಾಗೆಯೇ: ದರ 2,800 ಫ್ರಾಂಕ್, ಸುಮಾರು 440 ರೂಪಾಯಿ, ಅಲ್ಲಿಯವರೆಗಿನ ದಾಖಲೆ. ಗ್ಬಾಗ್ಬೊ ಅವರನ್ನೂ, ಬ್ಯಾಂಕರ್ ತಿಜಾನ್ ತಿಯಾಂ ಅವರನ್ನೂ ಸ್ಪರ್ಧೆಯಿಂದ ಕೈಬಿಡಲಾಗಿತ್ತು. ತಿಯಾಂ ಅವರ ಮೇಲಿದ್ದ ತಕರಾರು ಪೌರತ್ವದ್ದೇ! ಒಂದು ಕಾಲದಲ್ಲಿ ಇದೇ ತಕರಾರಿನಿಂದ ನೊಂದಿದ್ದ ವತಾರಾ ಸುಮಾರು ಶೇಕಡಾ 90 ಮತದಿಂದ ಗೆದ್ದು, ಡಿಸೆಂಬರಿನಲ್ಲಿ, ಎಂಬತ್ತಮೂರನೆಯ ವಯಸ್ಸಿನಲ್ಲಿ, ನಾಲ್ಕನೆಯ ಬಾರಿಗೆ ಪ್ರಮಾಣವಚನ ಸ್ವೀಕರಿಸಿದರು.

2,800 ಎಂದು ಸಾರುವ ಹೊತ್ತಿಗೆ ವಿಶ್ವ ಪೇಟೆ ಹಿಂದಿನ ಡಿಸೆಂಬರಿನ ಅರ್ಧಕ್ಕೆ ಇಳಿದಾಗಿತ್ತು. ಅಲ್ಲಿ ಮಧ್ಯಂತರ ಬೆಳೆಯ ಹಂಗಾಮು ಬಹುಕಾಲ ಏಪ್ರಿಲ್ 1ಕ್ಕೆ ಶುರುವಾಗುತ್ತಿತ್ತು. ಆ ಹಂಗಾಮಿಗೆ ಸಾರುವ ದರವನ್ನು ಇನ್ನು ಮುಂದೆ ನಮ್ಮ ಕಚೇರಿಯ ಧಾರಣೆ ಫಲಕದಲ್ಲಿ, ನಮ್ಮ ಹಸಿ ಕೊಕ್ಕೊ ದರದ ಕೆಳಗೆ, ರೂಪಾಯಿ ಲೆಕ್ಕದಲ್ಲಿ ಬರೆಯಿಸಲಾಗುವುದು.