‘ಜಾರ್ ಜಾರ್’ ಅಂದರೆ ಹಾವು!

ಮುಷ್ಟಿಯೊಳಗೆ ಅಡಗುವ ಪುಟ್ಟ ಹಕ್ಕಿ. ಅದರ ಬಾಯಲ್ಲಿ ಹಾವಿಗೆಂದೇ ಬೇರೆ ಕೂಗು, ಕಾಗೆಗೆಂದೇ ಬೇರೆ ಕೂಗು! ನಂಬುವುದು ಕಷ್ಟ. ಆದರೆ ಜಪಾನಿನ ಕರುಇಜಾವಾದ ಕಾಡಿನಲ್ಲಿ ಚೇಕಡಿ ಹಕ್ಕಿಗಳಿಗೆ ವರ್ಷಗಟ್ಟಲೆ ಕಿವಿಗೊಟ್ಟ ವಿಜ್ಞಾನಿ ತೊಶಿತಾಕಾ ಸುಜುಕಿ ಇದನ್ನು ತೋರಿಸಿಕೊಟ್ಟಿದ್ದಾರೆ.

ಚೇಕಡಿ ಗೂಡು ಕಟ್ಟುವುದು ಮರದ ಪೊಟರೆಯಲ್ಲಿ. ಕಾಗೆ ಅದರೊಳಗೆ ನುಗ್ಗಲಾರದು. ಕಿಂಡಿಯಿಂದ ಕೊಕ್ಕು ತೂರಿಸಿ ಮರಿಗಳನ್ನು ಎಳೆದುಕೊಳ್ಳುತ್ತದೆ. ಹಾವಾದರೋ ಸೀದಾ ಒಳಕ್ಕೇ ಇಳಿಯುತ್ತದೆ. ಕಾಗೆ ಕಂಡರೆ ಅಪ್ಪ-ಅಮ್ಮ ‘ಚಿಕಾ ಚಿಕಾ’ ಎನ್ನುತ್ತವೆ, ಮರಿಗಳು ತಳಕ್ಕೆ ಅವುಚಿಕೊಳ್ಳುತ್ತವೆ. ಹಾವು ಕಂಡರೆ ‘ಜಾರ್ ಜಾರ್’. ಅಷ್ಟೇ, ಹಾರುವ ವಯಸ್ಸಿಗೆ ಬಂದ ಮರಿಗಳು ಗೂಡು ಬಿಟ್ಟು ಹೊರಕ್ಕೆ ಜಿಗಿಯುತ್ತವೆ! ಕತ್ತಲ ಪೊಟರೆಯಲ್ಲಿದ್ದ ಅವು ಹಾವನ್ನು ನೋಡಿಯೇ ಇಲ್ಲ. ಬದುಕಿಸಿದ್ದು ಬರೀ ಕೂಗು. ಇದು 2011ರಲ್ಲಿ ಪ್ರಕಟವಾದ ಸಂಗತಿ.

ಬರೀ ಗಾಬರಿಯ ಚೀರಾಟವಿರಬಹುದೇ? ಅದಕ್ಕೂ ಪರೀಕ್ಷೆ ನಡೆಯಿತು. ಕಡ್ಡಿಗೆ ದಾರ ಕಟ್ಟಿ, ಕಾಂಡದ ಮೇಲೆ ಹಾವು ಹರಿದಂತೆ ಎಳೆದರು. ‘ಜಾರ್’ ಧ್ವನಿಮುದ್ರಿಕೆ ಹಾಕಿದಾಗ ಹಕ್ಕಿಗಳು ಕಡ್ಡಿಯ ಬಳಿಗೇ ಬಂದು ನೋಡಿದವು. ಬೇರೆ ಕೂಗು ಹಾಕಿದಾಗ ಕ್ಯಾರೇ ಅನ್ನಲಿಲ್ಲ. ಕೂಗು ಕಿವಿಗೆ ಬಿದ್ದೊಡನೆ ಹಕ್ಕಿ ಹಾವಿನ ರೂಪವನ್ನೇ ಹುಡುಕತೊಡಗುತ್ತದೆ ಎಂಬುದು 2018ರ ಈ ಪ್ರಯೋಗದ ಸಾರ.

ತಾಳಿ, ವ್ಯಾಕರಣವೂ ಇದೆ! ‘ಪೀ-ತ್ಸು-ಪಿ’ ಎಂದರೆ ಎಚ್ಚರ, ಸುತ್ತ ನೋಡು. ‘ಜಿ-ಜಿ-ಜಿ’ ಎಂದರೆ ಹತ್ತಿರ ಬಾ. ಮೇವು ಸಿಕ್ಕಾಗ ಜೊತೆಯವರನ್ನು ಕರೆಯುವುದೂ ಹೀಗೆಯೇ. ಎರಡನ್ನೂ ಇದೇ ಕ್ರಮದಲ್ಲಿ ಸೇರಿಸಿ ಕೂಗಿದರೆ ಹಕ್ಕಿಗಳು ಸುತ್ತ ನೋಡುತ್ತಲೇ ಹತ್ತಿರ ಬರುತ್ತವೆ, ಶತ್ರುವನ್ನು ಗುಂಪಾಗಿ ಅಟ್ಟಲು. ಕ್ರಮವನ್ನು ಹಿಂದುಮುಂದಾಗಿಸಿ ಕೇಳಿಸಿದರೆ? ಆ ಓಗೊಡುವಿಕೆ ಕಾಣುವುದೇ ಅಪರೂಪ. ಪದದ ಜಾಗ ತಪ್ಪಿದರೆ ಅರ್ಥ ಕೆಡುತ್ತದೆ ಎಂದು ಹಕ್ಕಿಗೂ ಗೊತ್ತು. ಇದು ಹೊರಬಿದ್ದದ್ದು 2016ರಲ್ಲಿ.

ಹಕ್ಕಿಗಳ ಕೂಗನ್ನು ಬಿಡಿಸಿ ತಿಳಿಯಲು ನಮ್ಮ ಕಿವಿಗೂ ಒಂದು ಕೀಲಿಕೈ ಇದೆ. ಅದನ್ನು 1955ರಲ್ಲೇ ಕೊಟ್ಟವರು ಬ್ರಿಟನ್ನಿನ ವಿಜ್ಞಾನಿ ಪೀಟರ್ ಮಾರ್ಲರ್. ಗಿಡುಗ ಮೇಲೆ ಹಾರಿಬಂದರೆ ಅನೇಕ ಸಣ್ಣ ಹಕ್ಕಿಗಳದು ತೆಳ್ಳನೆಯ, ಏರು ಶ್ರುತಿಯ ‘ಸೀ’. ಮೆಲ್ಲಗೆ ಎದ್ದು ಮೆಲ್ಲಗೆ ಅಡಗುವ ಆ ದನಿ ಎಲ್ಲಿಂದ ಬಂತೆಂದು ಗೊತ್ತು ಹಚ್ಚುವುದು ಕಷ್ಟ. ಕೂಗಿದ ಹಕ್ಕಿಗೆ ಅದೇ ರಕ್ಷಣೆ. ಕೂತ ಗೂಬೆ ಕಂಡರೆ ಮಾತ್ರ ಒರಟು, ತುಂಡುತುಂಡು ಕೂಗು, ಮತ್ತೆ ಮತ್ತೆ. ಎಲ್ಲರೂ ಬಂದು ಸೇರಲೆಂದೇ ಅದು ಠಾವು ತಿಳಿಸುತ್ತದೆ.

ಜಪಾನಿನ ಆ ಚೇಕಡಿಯ ಹತ್ತಿರದ ಬಂಧು, ಬೂದು ಚೇಕಡಿ, ಕರ್ನಾಟಕದ ಕಾಡುಗಳಲ್ಲೂ ಇದೆ. ಅಷ್ಟು ದೂರವೂ ಬೇಡ. ಹಿತ್ತಲಲ್ಲಿ ಪಿಕಳಾರ, ಟುವ್ವಿ ಸೇರಿ ಗದ್ದಲವೆಬ್ಬಿಸಿದರೆ ಅವುಗಳ ಕಣ್ಣು ನೆಟ್ಟ ಕಡೆ ನೋಡಿ: ಬೆಕ್ಕೋ, ಕೇರೆ ಹಾವೋ, ಗೂಬೆಯೋ ಇದ್ದೀತು. ಯಾವ ಹಕ್ಕಿ, ಎಂಥ ಕೂಗು, ಎದುರಿಗೆ ಏನಿತ್ತು, ಈ ಮೂರನ್ನೂ ಬರೆದಿಡಿ. ಹಕ್ಕಿಮಾತು ಕಲಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.