ಕರೆದರೆ ಓಗೊಡುವ ರಾಯಭಾರ ಕಚೇರಿ

1999ರ ಲೋಕಸಭಾ ಚುನಾವಣೆಗೆ ಬಳ್ಳಾರಿಗೆ ಬಂದ ಸುಷ್ಮಾ ಸ್ವರಾಜ್ ಕೆಲವೇ ವಾರಗಳಲ್ಲಿ ಕನ್ನಡ ಕಲಿತು ಸಭೆಗಳಲ್ಲಿ ಮಾತನಾಡಿದರು. ಸೋನಿಯಾ ಗಾಂಧಿ ಎದುರು ಸುಮಾರು 56 ಸಾವಿರ ಮತಗಳಿಂದ ಸೋತರೂ ವರಮಹಾಲಕ್ಷ್ಮಿ ಪೂಜೆಗೆಂದು ಬಳ್ಳಾರಿಗೆ ಬರುವುದನ್ನು ಎಷ್ಟೋ ವರ್ಷ ಬಿಡಲಿಲ್ಲ. ಜನರ ಹತ್ತಿರಕ್ಕೆ ತಾವೇ ಹೋಗಬೇಕೆಂಬ ಆ ಗುಣ, 2014ರಲ್ಲಿ ಅವರು ವಿದೇಶಾಂಗ ಸಚಿವೆಯಾದ ಮೇಲೆ ಟ್ವಿಟರಿನಲ್ಲಿ ಕಂಡಿತು. ಪಾಸ್‌ಪೋರ್ಟ್ ಕಳೆದುಕೊಂಡವರು, ಸಂಬಳ ಸಿಗದೆ ಕೊಲ್ಲಿ ದೇಶಗಳಲ್ಲಿ ಸಿಕ್ಕಿಕೊಂಡವರು ನೇರವಾಗಿ ಅವರಿಗೇ ಬರೆದರು. ಅವರು ಉತ್ತರಿಸಿದರು, ಆಯಾ ದೇಶದ ಭಾರತೀಯ ರಾಯಭಾರಿಯಿಂದ ಎಲ್ಲರ ಕಣ್ಣೆದುರೇ ವರದಿ ಕೇಳಿದರು. ಮಂಗಳ ಗ್ರಹದಲ್ಲಿ ಸಿಲುಕಿದರೂ ಅಲ್ಲಿನ ಭಾರತೀಯ ರಾಯಭಾರ ಕಚೇರಿ ನೆರವಿಗೆ ಬರುತ್ತದೆ ಎಂದು 2017ರಲ್ಲಿ ಅವರು ಬರೆದದ್ದು ದೇಶವೆಲ್ಲ ಹರಿದಾಡಿತು.

ರಾಯಭಾರ ಕಚೇರಿ ಎಂದರೆ ಎತ್ತರದ ಗೋಡೆ, ವೀಸಾಕ್ಕೆ ಉದ್ದದ ಸಾಲು ಎಂದಷ್ಟೇ ತಿಳಿದಿದ್ದವರಿಗೆ ಇದು ಹೊಸತು. ಬೀಜ ಬಿದ್ದದ್ದು ಮಾತ್ರ ಅದಕ್ಕೂ ಮೊದಲು. ವಿದೇಶಾಂಗ ಸಚಿವಾಲಯ 2006ರಲ್ಲಿ ಸಾರ್ವಜನಿಕ ರಾಜತಾಂತ್ರಿಕತೆಗೆಂದೇ ಒಂದು ವಿಭಾಗ ತೆರೆಯಿತು. 2010ರಲ್ಲಿ ಅದು ಟ್ವಿಟರಿಗೆ ಬಂತು. ಸರ್ಕಾರಗಳು ಸರ್ಕಾರಗಳೊಡನೆ ಮುಚ್ಚಿದ ಕೋಣೆಯಲ್ಲಿ ಮಾತನಾಡುವುದು ಹಳೆಯ ರೂಢಿ. ಇನ್ನೊಂದು ದೇಶದ ಜನರೊಡನೆ, ಅಲ್ಲಿ ನೆಲೆಸಿದ ತನ್ನ ಜನರೊಡನೆ ನೇರವಾಗಿ ಮಾತನಾಡುವುದು ಈ ಹೊಸ ವಿಭಾಗದ ಕೆಲಸವಾಗಿತ್ತು. 2016ರ ಕೊನೆಗೆ ಸುಮಾರು 200 ರಾಯಭಾರ ಕಚೇರಿ, ಕಾನ್ಸುಲೇಟ್‌ಗಳ ಖಾತೆಗಳನ್ನು ಟ್ವಿಟರ್ ಸೇವಾ ಎಂಬ ಒಂದೇ ವ್ಯವಸ್ಥೆಗೆ ಜೋಡಿಸಲಾಯಿತು. ಯಾರ ದೂರು ಯಾವ ಮೇಜಿನ ಮೇಲೆ ಕೂತಿದೆ ಎಂದು ದೆಹಲಿಯಿಂದಲೇ ನೋಡಲು ಸಾಧ್ಯವಾಯಿತು.

ಇದರ ಬೆಲೆ ಏನೆಂದು ನಮ್ಮ ವಿಜಯನಗರ ಸೀಮೆಗೆ ತಿಳಿದದ್ದು 2022ರಲ್ಲಿ. ಹರಪನಹಳ್ಳಿ, ಹಡಗಲಿಯಿಂದ ತುಂಗಭದ್ರೆ ದಾಟಿದರೆ ರಾಣೇಬೆನ್ನೂರು ತಾಲ್ಲೂಕು. ಅಲ್ಲಿನ ಚಳಗೇರಿಯ ವೈದ್ಯ ವಿದ್ಯಾರ್ಥಿಯೊಬ್ಬ ಮಾರ್ಚ್ 1ರಂದು, ರಷ್ಯಾ ದಾಳಿ ನಡೆಸುತ್ತಿದ್ದ ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ತಿನ್ನಲು ಏನಾದರೂ ತರೋಣವೆಂದು ಹೊರಗೆ ಹೋಗಿದ್ದ. ಸಾವನ್ನು ವಿದೇಶಾಂಗ ವಕ್ತಾರರು ದೃಢಪಡಿಸಿದ್ದು ಟ್ವಿಟರಿನಲ್ಲೇ. ಮರುದಿನ ಕೀವ್‌ನ ಭಾರತೀಯ ರಾಯಭಾರ ಕಚೇರಿಯಿಂದ ಬಂದ ಸೂಚನೆಯನ್ನು ಇಂದು ಓದಿದರೂ ಎದೆ ನಡುಗುತ್ತದೆ. ಖಾರ್ಕಿವ್‌ನಲ್ಲಿರುವವರು ಕೂಡಲೇ ಊರು ಬಿಡಿ. ಪಿಸೊಚಿನ್, ಬಾಬಾಯಿ, ಬೆಜ್ಲ್ಯುದಿವ್ಕಾ, ಈ ಮೂರರಲ್ಲಿ ಒಂದನ್ನು ಸಂಜೆ ಆರರೊಳಗೆ ಸೇರಿಕೊಳ್ಳಿ. ವಾಹನ ಸಿಗದಿದ್ದರೆ ನಡೆದೇ ಹೋಗಿ. ಹನ್ನೊಂದರಿಂದ ಹದಿನಾರು ಕಿಲೋಮೀಟರ್ ದಾರಿ, ಹಿಮ, ಮೇಲೆ ಬಾಂಬ್. ಮೊಬೈಲಿನಲ್ಲಿ ಚಾರ್ಜ್ ಉಳಿದಿದ್ದವರು ಉಳಿಯದವರಿಗೆ ಹೇಳಿಕೊಂಡು ನಡೆದರು. ಅವರನ್ನು ಕರೆತರುವ ಆಪರೇಷನ್ ಗಂಗಾ ಕಾರ್ಯಾಚರಣೆ ಮುಗಿಯುವ ಹೊತ್ತಿಗೆ ಉಕ್ರೇನಿನಿಂದ ಸುಮಾರು 22,500 ಭಾರತೀಯರು ಮರಳಿದ್ದರು. ಆ ಹುಡುಗನ ದೇಹ ಬೆಂಗಳೂರಿಗೆ ಬಂದದ್ದು ಮಾರ್ಚ್ 21ಕ್ಕೆ. ಹೆತ್ತವರು ಅದನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು.

ಮರುವರ್ಷ ಯುದ್ಧದ ಸುಳಿಗೆ ಸಿಕ್ಕಿದ್ದು ಸುಡಾನ್. ಗಿಡಮೂಲಿಕೆ ಔಷಧಿ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಕೊಂಡರು. ಖಾರ್ಟೂಮ್‌ನಲ್ಲಿ ನಮ್ಮ ರಾಯಭಾರ ಕಚೇರಿ ಇದ್ದದ್ದು ಹೊಡೆದಾಟ ನಡೆಯುತ್ತಿದ್ದ ವಿಮಾನ ನಿಲ್ದಾಣದ ಹತ್ತಿರವೇ. ಕಟ್ಟಡಕ್ಕೆ ಯಾರೂ ಹೋಗುವಂತಿರಲಿಲ್ಲ. ಅಧಿಕಾರಿಗಳು ಮನೆಗಳಲ್ಲೇ ಕೂತು ಫೋನ್, ವಾಟ್ಸ್‌ಆ್ಯಪ್‌ನಲ್ಲಿ ಕೆಲಸ ನಡೆಸಿದರು. ಕಟ್ಟಡವಿಲ್ಲದೆಯೂ ರಾಯಭಾರ ಕಚೇರಿ ಇರಬಲ್ಲದು ಎಂದು ತೋರಿಸಿದ ದಿನಗಳು ಅವು. ಹಕ್ಕಿಪಿಕ್ಕಿ ಜನರನ್ನು ಕರೆತರುವ ವಿಷಯದಲ್ಲಿ ಇದೇ ವೇಳೆಗೆ ಸಿದ್ದರಾಮಯ್ಯ ಅವರಿಗೂ ವಿದೇಶಾಂಗ ಸಚಿವ ಎಸ್. ಜೈಶಂಕರ್ ಅವರಿಗೂ ಟ್ವಿಟರಿನಲ್ಲಿ ಮಾತಿನ ಚಕಮಕಿ ನಡೆಯಿತು. ಆ ಜಗಳಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಸಚಿವರ ಉತ್ತರದಲ್ಲಿದ್ದ ಒಂದು ಅಂಶ: ಸಿಕ್ಕಿಕೊಂಡವರು ಎಲ್ಲಿದ್ದಾರೆಂದು ಬಹಿರಂಗವಾಗಿ ಹೇಳಿದರೆ ಅವರ ಜೀವಕ್ಕೇ ಕುತ್ತು. ಬಯಲಲ್ಲಿ ನಿಂತು ಮಾತನಾಡುವ ಈ ಕೆಲಸದಲ್ಲಿ ಏನನ್ನು ಹೇಳಬಾರದು ಎಂಬ ವಿವೇಕವೂ ಸೇರಿದೆ.

ಕಷ್ಟಕಾಲದ ಕೆಲಸ ಇದಾದರೆ, ಸುಖಕಾಲದ್ದು ದೇಶವನ್ನು ಹೊರಗಿನವರಿಗೆ ಪರಿಚಯಿಸುವುದು. 2023ರ ಜುಲೈನಲ್ಲಿ ಜಿ20 ದೇಶಗಳ ನಾಯಕರ ಪ್ರತಿನಿಧಿಗಳಾದ ಶೆರ್ಪಾಗಳ ಸಭೆ ನಡೆದದ್ದು ನಮ್ಮ ವಿಜಯನಗರ ಜಿಲ್ಲೆಯ ಹಂಪಿಯಲ್ಲಿ. ಅದಕ್ಕೆ ಮುನ್ನ ಸಂಸ್ಕೃತಿ ಗುಂಪಿನ ಸಭೆಯಲ್ಲಿ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ನಮ್ಮ ಆರೂ ತಾಲ್ಲೂಕುಗಳ ತಾಂಡಾಗಳಲ್ಲಿ ಇದೇ ಕನ್ನಡಿ, ಕವಡೆ, ಬಣ್ಣದ ದಾರದ ಬದುಕಿದೆ. 2024ರ ಜನವರಿಯಲ್ಲಿ ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ ಕೆರೆಯ ಪಕ್ಷಿಧಾಮ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ರಾಯಭಾರ ಕಚೇರಿಗಳು ಯೋಗ ದಿನದ ಒಂದೇ ಬಗೆಯ ಫೋಟೊಗಳನ್ನು ವರ್ಷವರ್ಷ ಹಾಕುವ ಬದಲು ಇಂಥ ಕೆರೆಯನ್ನು, ಇಂಥ ಕಸೂತಿಯನ್ನು ಹೊಲಿದವರ ಊರಿನ ಹೆಸರಿನೊಂದಿಗೆ ತೋರಿಸಲಿ ಎಂಬುದು ನನ್ನ ಆಸೆ.

ಒಂದು ಕೊರತೆ ನನ್ನನ್ನು ಕಾಡುತ್ತದೆ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ, ಕಾಫಿ ತೋಟಗಳಿಗೆ ಗುಳೆ ಹೋಗುವ ನಮ್ಮ ಸೀಮೆಯಲ್ಲಿ ವಿದೇಶದ ನೌಕರಿಯ ಆಸೆ ಈಗ ಮೊಬೈಲಿನಲ್ಲೇ ಬರುತ್ತದೆ. ಕಲಬುರಗಿ ಜಿಲ್ಲೆಯ ಯುವಕರು ಭದ್ರತಾ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ ಸೇನೆಯ ಪಾಲಾದರು. ಅವರನ್ನು ಸೆಳೆದ ಜಾಲದ ಕೈಯಲ್ಲಿ ಯೂಟ್ಯೂಬ್ ವಿಡಿಯೊಗಳಿದ್ದವು. ಅವರು ಊರಿಗೆ ಮರಳಿದ್ದು 2024ರ ಸೆಪ್ಟೆಂಬರಿನಲ್ಲಿ. ಕಾಂಬೋಡಿಯಾ, ಲಾವೋಸ್‌ಗಳ ಭಾರತೀಯ ರಾಯಭಾರ ಕಚೇರಿಗಳೂ ನಕಲಿ ನೌಕರಿಯ ಬಗ್ಗೆ ಮತ್ತೆಮತ್ತೆ ಎಚ್ಚರಿಸುತ್ತಿವೆ. ಆ ಎಚ್ಚರಿಕೆ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಕೂಡ್ಲಿಗಿಯ ಹಳ್ಳಿಯ ತಾಯಿಗೆ ಅದು ತಲುಪುವುದು ಹೇಗೆ? ಅದನ್ನು ಕನ್ನಡದಲ್ಲಿ ಪಂಚಾಯಿತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಕೆಲಸವನ್ನು ಜಿಲ್ಲಾಡಳಿತ ನಾಳೆಯೇ ಶುರು ಮಾಡಬಹುದು. ಅಲ್ಲಿಯವರೆಗೆ, ಮಕ್ಕಳನ್ನು ಹೊರದೇಶಕ್ಕೆ ಕಳಿಸುವವರು ಎರಡು ಕೆಲಸ ಮಾಡಿಟ್ಟುಕೊಳ್ಳಲಿ: ಏಜೆಂಟನ ಹೆಸರು ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ಎಂದು ನೋಡುವುದು, ಹೋಗುವ ದೇಶದ ಭಾರತೀಯ ರಾಯಭಾರ ಕಚೇರಿಯ ಸಹಾಯವಾಣಿಯನ್ನೂ 2015ರಿಂದ ನಡೆಯುತ್ತಿರುವ ಮದದ್ ದೂರು ಜಾಲತಾಣದ ವಿಳಾಸವನ್ನೂ ಹೋಗುವವರ ಮೊಬೈಲಿನಲ್ಲೂ ಮನೆಯ ಕ್ಯಾಲೆಂಡರಿನ ಹಿಂದೆಯೂ ಬರೆದಿಡುವುದು.